ಪೆಡಲ್ ಸ್ಟೀಲ್ ಶೋಗೆ ಹುಡುಗರನ್ನು ಕರೆತರುವುದು ಹೇಗೆ? ಮೊದಲು ಕಾಲಿನ ಕೆಲಸ ತೋರಿಸಿ

ಮಲಗಿಸಿಟ್ಟ ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸುತ್ತಾ, ಕಾಲಿನ ಪೆಡಲ್ ಒತ್ತಿ ಸ್ವರ ಬದಲಿಸುತ್ತಾ ನುಡಿಸುವ ಗಿಟಾರ್ ಪೆಡಲ್ ಸ್ಟೀಲ್. ಅದರ ಶೋ ಅಂದರೆ ಸಾಮಾನ್ಯವಾಗಿ ಹೀಗಿರುತ್ತದೆ. ಹೋಟೆಲಿನ ದೊಡ್ಡ ಹಾಲ್, ಸಾಲು ಸಾಲು ಕುರ್ಚಿ, ಬೆಳಗ್ಗೆಯೇ ಶುರು. ಒಬ್ಬರಾದ ಮೇಲೆ ಒಬ್ಬರು ವಾದಕರು ಬಂದು ಕೂರುತ್ತಾರೆ. ಹಿಂದೆ ಅದೇ ಬ್ಯಾಂಡ್, ನುಡಿಸುವುದು ಐವತ್ತು ಅರವತ್ತು ವರ್ಷ ಹಳೆಯ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿ) ಹಾಡುಗಳ ಟ್ಯೂನ್. ಅಮೆರಿಕದ ಸೇಂಟ್ ಲೂಯಿಸ್, ಡಲ್ಲಾಸ್‌ಗಳಲ್ಲಿ ನಡೆದ ಸ್ಟೀಲ್ ಗಿಟಾರ್ ಮೇಳಗಳು ಈ ವಾದ್ಯಕ್ಕೆ ಮಾಡಿದ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಪ್ಪತ್ತರ ಹುಡುಗಿಯೊಬ್ಬಳು ಒಳಗೆ ಬಂದು ಹತ್ತೇ ನಿಮಿಷಕ್ಕೆ ಎದ್ದು ಹೋದರೆ, 'ಈಗಿನವರಿಗೆ ಒಳ್ಳೆಯ ಸಂಗೀತ ಬೇಡ' ಅಂತ ನಾವು ತೀರ್ಪು ಕೊಟ್ಟುಬಿಡುತ್ತೇವಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆ ನಾದ ಅವಳಿಗೆ ಇಷ್ಟವೇ. ಇಯರ್‌ಫೋನಿನಲ್ಲಿ ಕೇಳುವ ಎಷ್ಟೋ ಹಾಡುಗಳ ಹಿಂದೆ ಅದು ಇದ್ದೇ ಇರುತ್ತದೆ. ಶೋನಲ್ಲಿ ಅವಳಿಗೆ ಕಂಡಿದ್ದೇನು? ನಾಲ್ಕು ಕಾಲಿನ ಮೇಲೆ ನಿಂತ ಒಂದು ಪೆಟ್ಟಿಗೆ, ಅದರ ಹಿಂದೆ ತಲೆ ತಗ್ಗಿಸಿ ಕೂತ ಒಬ್ಬ ಮನುಷ್ಯ. ಅಷ್ಟೇ.

ಜಗತ್ತಿನಲ್ಲಿ ಇಷ್ಟು ಕೆಲಸ ಮುಚ್ಚಿಟ್ಟುಕೊಂಡು ನುಡಿಸುವ ವಾದ್ಯ ಇನ್ನೊಂದು ಸಿಗುವುದು ಕಷ್ಟ. ಎಡಗೈಯಲ್ಲಿ ಉಕ್ಕಿನ ಬಾರ್, ಬಲಗೈ ಬೆರಳುಗಳಲ್ಲಿ ಪಿಕ್, ಎಡಗಾಲು ಮೂರು ನಾಲ್ಕು ಪೆಡಲ್ ಮೇಲೆ, ಬಲಗಾಲು ವಾಲ್ಯೂಮ್ ಪೆಡಲ್ ಮೇಲೆ, ಎರಡೂ ಮೊಣಕಾಲು ಅಕ್ಕಪಕ್ಕದ ಲಿವರ್‌ಗಳನ್ನು ತಳ್ಳುತ್ತಾ ಇರುತ್ತವೆ. ಮೈಯೆಲ್ಲ ದುಡಿಯುತ್ತದೆ. ಪ್ರೇಕ್ಷಕರಿಗೆ ಒಂದೂ ಕಾಣುವುದಿಲ್ಲ. ಶೋ ನಡೆಸುವವರು ಮೊದಲು ಸರಿಮಾಡಬೇಕಾದದ್ದು ಇದನ್ನೇ.

ಹೆಜ್ಜೆ 1: ಜಾಗ, ಸಮಯ

ಸಂಜೆ ಇಡಿ, ಚಿಕ್ಕ ಜಾಗ ಹಿಡಿಯಿರಿ, ನಿಂತು ಕೇಳಲು ಸ್ಥಳ ಬಿಡಿ, ವಿದ್ಯಾರ್ಥಿಗಳಿಗೆ ಟಿಕೆಟ್ ಕಡಿಮೆ ಮಾಡಿ. ಇದರಲ್ಲಿ ಇನ್ನೇನೂ ಇಲ್ಲ.

ಹೆಜ್ಜೆ 2: ಯಾರು ನುಡಿಸಬೇಕು, ಏನು ನುಡಿಸಬೇಕು

ಹಳೆಯ ಕಂಟ್ರಿ ಟ್ಯೂನ್‌ಗಳನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. 1954ರಲ್ಲಿ ಬಂದ, ವೆಬ್ ಪಿಯರ್ಸ್ ಹಾಡಿದ 'ಸ್ಲೋಲಿ' ಹಾಡಿನಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ಪೆಡಲ್ ಒತ್ತಿ, ನಾದ ಇನ್ನೂ ಮೊಳಗುತ್ತಿರುವಾಗಲೇ ತಂತಿಯ ಸ್ವರವನ್ನು ಎಳೆದು ಕೇಳಿಸಿದರು. ಈ ವಾದ್ಯದ ಗುರುತೇ ಆಯಿತು ಅದು. ಇಂಥದ್ದನ್ನು ನುಡಿಸಲೇಬೇಕು. ಆದರೆ ಇಡೀ ಸಂಜೆ ಅದೊಂದನ್ನೇ ನುಡಿಸಿದರೆ ಹೊಸಬರು ಕೂರುವುದಿಲ್ಲ.

ಮೂರು ಬೇರೆ ಬೇರೆ ರುಚಿಯ ಸೆಟ್ ಇಡಿ, ಒಂದೊಂದೂ ಅರ್ಧ ಗಂಟೆ ದಾಟಬಾರದು. ಒಂದು ಕಂಟ್ರಿ, ಅದೂ ಹಾಡುವವರ ಜೊತೆ. ಬರೀ ವಾದ್ಯದ ಸೆಟ್ ಹೊಸಬರಿಗೆ ಭಾರ. ಇನ್ನೊಂದು ಸೇಕ್ರೆಡ್ ಸ್ಟೀಲ್. ಅಮೆರಿಕದ ಕಪ್ಪು ಜನರ ಹೌಸ್ ಆಫ್ ಗಾಡ್ ಚರ್ಚುಗಳಲ್ಲಿ ಆರ್ಗನ್ ಜಾಗದಲ್ಲಿ ಸ್ಟೀಲ್ ಗಿಟಾರ್ ಇಟ್ಟುಕೊಂಡು ಬೆಳೆದ ಸಂಗೀತ ಇದು. ಆ ಚರ್ಚಿನೊಳಗೇ ಬೆಳೆದ ರಾಬರ್ಟ್ ರಾಂಡಾಲ್ಫ್ ಹೊರಗೆ ಬಂದು ನ್ಯೂಯಾರ್ಕಿನ ಕ್ಲಬ್ಬಿನಲ್ಲಿ ನುಡಿಸಿದ್ದು 2002ರಲ್ಲಿ ಲೈವ್ ಆಲ್ಬಮ್ ಆಗಿ ಬಂತು. ಅದನ್ನು ಕೇಳಿ ಕುರ್ಚಿಯಲ್ಲಿ ಸುಮ್ನೆ ಕೂರಲು ಆಗುವುದಿಲ್ಲ. ಮೂರನೆಯದು ನಿಧಾನದ, ತೇಲುವ ಸಂಗೀತ. 1983ರಲ್ಲಿ ಬ್ರಯಾನ್ ಈನೋ ಅಮೆರಿಕದ ಅಪೋಲೋ ಚಂದ್ರಯಾತ್ರೆಗಳ ಸಾಕ್ಷ್ಯಚಿತ್ರಕ್ಕೆಂದು ಮಾಡಿದ 'ಅಪೋಲೋ' ಆಲ್ಬಮ್ಮಿನಲ್ಲಿ ಡೇನಿಯಲ್ ಲಾನ್ವಾ ಅವರ ಪೆಡಲ್ ಸ್ಟೀಲ್ ಇದೆ. ಓದುವಾಗ, ಮಲಗುವಾಗ ಇಂಥ ಆಂಬಿಯೆಂಟ್ ಸಂಗೀತ ಹಾಕಿಕೊಳ್ಳುವ ಹುಡುಗರಿಗೆ ಆ ನಾದ ಹೊಸದೇನಲ್ಲ. ಟೆಕ್ಸಸ್ ಕಡೆಯ ಕಂಟ್ರಿ ಬ್ಯಾಂಡುಗಳಲ್ಲಿ ನುಡಿಸುತ್ತಿದ್ದ ಸೂಸನ್ ಆಲ್ಕಾರ್ನ್ ಮುಂದೆ ಇದೇ ವಾದ್ಯವನ್ನು ಪೂರ್ತಿ ಮನೋಧರ್ಮ ಸಂಗೀತಕ್ಕೆ ಒಯ್ದರು. ಅವರ ಹಾದಿಯಲ್ಲಿ ನುಡಿಸುವವರು ಸಿಕ್ಕರೆ ಬಿಡಬೇಡಿ.

ಒಂದು ಅಡ್ಡದಾರಿಯನ್ನು ಮಾತ್ರ ಖಂಡಿತ ಹಿಡಿಯಬೇಡಿ. ಈಗ ಓಡುತ್ತಿರುವ ಪಾಪ್ ಹಾಡನ್ನು ರೆಕಾರ್ಡ್ ಮಾಡಿದ ಟ್ರ್ಯಾಕ್ ಮೇಲೆ ಸ್ಟೀಲಿನಲ್ಲಿ ನುಡಿಸಿಬಿಡುವುದು. ಹುಡುಗರನ್ನು ಮೆಚ್ಚಿಸಲು ಮಾಡಿದ್ದು ಅಂತ ಅವರಿಗೆ ಮೊದಲ ಸಾಲಿಗೇ ಗೊತ್ತಾಗುತ್ತದೆ.

ಹೆಜ್ಜೆ 3: ಕ್ಯಾಮೆರಾ. ಎಲ್ಲರೂ ಎಡವುವುದು ಇಲ್ಲೇ

ಈಗೀಗ ಕೆಲವರು ಪರದೆ ಹಾಕುತ್ತಾರೆ, ಒಳ್ಳೆಯದೇ. ಆದರೆ ಅದರಲ್ಲಿ ತೋರಿಸುವುದು ವಾದಕರ ಮುಖ! ಮುಖ ಹೇಗೂ ಕಾಣುತ್ತದೆ. ಪರದೆ ಬೇಕಾಗಿರುವುದು ಕೈಗೆ ಮತ್ತು ಕಾಲಿಗೆ.

ಎರಡು ಕ್ಯಾಮೆರಾ ಸಾಕು. ಒಂದು ಮೇಲೆ, ವಾದಕರ ಭುಜದ ಹಿಂದಿನಿಂದ ಕೆಳಕ್ಕೆ ನೋಡುವ ಹಾಗೆ, ಅವರ ಕಣ್ಣಿಗೆ ತಂತಿಗಳು ಹೇಗೆ ಕಾಣುತ್ತವೋ ಹಾಗೆಯೇ. ಎದುರಿನಿಂದ ಹಿಡಿದರೆ ಚಿತ್ರ ತಲೆಕೆಳಗಾಗುತ್ತದೆ, ನೋಡುವವರಿಗೆ ತಲೆಬುಡ ತಿಳಿಯುವುದಿಲ್ಲ. ಇನ್ನೊಂದು ನೆಲದ ಮಟ್ಟದಲ್ಲಿ, ಪೆಡಲ್ ಮತ್ತು ಮೊಣಕಾಲು ಎರಡೂ ಸಿಗುವಷ್ಟು ದೂರದಲ್ಲಿ. ಯಾವ ಕ್ಯಾಮೆರಾವನ್ನೂ ಗಿಟಾರಿಗೇ ಕಚ್ಚಿಸಬೇಡಿ. ಪೆಡಲ್ ಒತ್ತಿದಾಗಲೆಲ್ಲ ಚಿತ್ರ ಅಲ್ಲಾಡುತ್ತದೆ.

ಆಮೇಲೆ ಬೆಳಕು. ಪೆಡಲ್‌ಗಳಿರುವುದು ನೆರಳಿನಲ್ಲಿ, ವಾದಕರು ಹಾಕಿರುವುದು ಕಪ್ಪು ಪ್ಯಾಂಟು, ಕಪ್ಪು ಬೂಟು. ಪರದೆಯ ಮೇಲೆ ಕಾಣುವುದು ಬರೀ ಕತ್ತಲೆ. ಗಿಟಾರಿನ ಕೆಳಗೆ ಒಂದು ಚಿಕ್ಕ ದೀಪ ಇಡಿ. ಪೆಡಲ್‌ಗಳನ್ನು ಎ, ಬಿ, ಸಿ ಅಂತ ಕರೆಯುತ್ತಾರೆ. ಎ ಪೆಡಲ್‌ಗೆ ಕೆಂಪು ಟೇಪು, ಬಿ ಪೆಡಲ್‌ಗೆ ಹಳದಿ ಟೇಪು ಅಂಟಿಸಿ, ಮೊಣಕಾಲಿನ ಲಿವರ್‌ಗಳಿಗೂ ಒಂದೊಂದು ಬಣ್ಣ ಕೊಡಿ. ತಿಳಿ ಬಣ್ಣದ ಬೂಟು ಹಾಕಿಕೊಂಡು ಬನ್ನಿ ಅಂತ ವಾದಕರಿಗೆ ಮೊದಲೇ ಹೇಳಿ. ಸಣ್ಣ ಮಾತು ಅನ್ನಿಸಬಹುದು, ಆದರೆ ಇಡೀ ಪ್ರಯತ್ನ ನಿಂತಿರುವುದೇ ಇದರ ಮೇಲೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ವಿಳಂಬ. ಫೋನಿನಿಂದ ವೈಫೈ ಮೂಲಕ ಪರದೆಗೆ ಹಾಕುವುದು ಸುಲಭ ಅಂತ ಎಲ್ಲರೂ ಅದನ್ನೇ ಮಾಡುತ್ತಾರೆ. ಆಗ ಚಿತ್ರ ತಡವಾಗಿ ಬರುತ್ತದೆ. ಸ್ವರ ಮೇಲೇರಿದ್ದು ಕಿವಿಗೆ ಬಿದ್ದು ಆದ ಮೇಲೆ ಪರದೆಯ ಮೇಲೆ ಕಾಲು ಪೆಡಲ್ ಒತ್ತುತ್ತದೆ. ನೋಡುವವರಿಗೆ ಕಾಲಿಗೂ ಸ್ವರಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಇದಕ್ಕಿಂತ ಪರದೆ ಇಲ್ಲದಿರುವುದೇ ವಾಸಿ. ಎಚ್‌ಡಿಎಂಐ ಕೇಬಲ್ ಎಳೆದು ನೇರವಾಗಿ ಜೋಡಿಸಿ. ಪ್ರೊಜೆಕ್ಟರಿನಲ್ಲೋ ಟಿವಿಯಲ್ಲೋ ಗೇಮ್ ಮೋಡ್ ಇದ್ದರೆ ಹಾಕಿ, ಅದು ವಿಳಂಬ ಕಡಿಮೆ ಮಾಡುತ್ತದೆ. ಪರೀಕ್ಷೆ ಹೀಗೆ ಮಾಡಿ: ಒಬ್ಬರು ಕ್ಯಾಮೆರಾ ಮುಂದೆ ಚಪ್ಪಾಳೆ ಹೊಡೆಯಲಿ, ನೀವು ಹಾಲಿನ ನಡುವೆ ನಿಂತು ಪರದೆ ನೋಡಿ. ಸದ್ದು ಮೊದಲು ಬಂದು, ಕೈ ಆಮೇಲೆ ಕೂಡಿದರೆ ಇನ್ನೂ ಸರಿಯಾಗಿಲ್ಲ ಅಂತ ಅರ್ಥ.

ಪರದೆಗೆ ಹಣವಿಲ್ಲವಾ? ಗಿಟಾರನ್ನು ಪ್ರೇಕ್ಷಕರಿಗೆ ನೇರ ಎದುರಾಗಿ ಇಡುವ ಬದಲು ಓರೆಯಾಗಿ ಇಡಿ, ಒಂದಡಿ ಎತ್ತರದ ಹಲಗೆಯ ಮೇಲೆ. ಕುರ್ಚಿಗಳನ್ನು ಮೂರು ಕಡೆಗೂ ಹಾಕಿ. ವಾದಕರ ಬೆನ್ನ ಹಿಂದಿನ ಕುರ್ಚಿಗಳೇ ಎಲ್ಲಕ್ಕಿಂತ ಒಳ್ಳೆಯವು, ಅವು ಮೊದಲು ತುಂಬುತ್ತವೆ.

ಹೆಜ್ಜೆ 4: ಮೊದಲ ಐದು ನಿಮಿಷ

ಸ್ವಾಗತ ಭಾಷಣ ಬೇಡ. ವಾದ್ಯದ ಇತಿಹಾಸವೂ ಬೇಡ. ವಾದಕರು ಕೂತು 3, 4, 5ನೇ ತಂತಿಗಳನ್ನು ಒಟ್ಟಿಗೆ ಮೀಟಲಿ. ಇ9 ಅನ್ನುವ, ಕಂಟ್ರಿ ವಾದಕರು ಬಳಸುವ ಶ್ರುತಿಯಲ್ಲಿ ಅವು ಜಿ ಶಾರ್ಪ್, ಇ, ಬಿ. ಇ ಸ್ವರವನ್ನು ಸ ಅಂದುಕೊಂಡರೆ ಗ, ಸ, ಪ. ಎಡಗೈ ಎಲ್ಲೂ ಮುಟ್ಟದೆ ಎ ಪೆಡಲ್ ಒತ್ತಿದರೆ ಪ ಜಾರಿ ಧ ಆಗುತ್ತದೆ. ಬಿ ಪೆಡಲ್ ಒತ್ತಿದರೆ ಗ ಜಾರಿ ಮ ಆಗುತ್ತದೆ. ಸ ಮಾತ್ರ ಇದ್ದಲ್ಲೇ ಇರುತ್ತದೆ. ಇ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಇದ್ದದ್ದು ಎ ಮೇಜರ್ ಆಯಿತು. ಇದನ್ನು ನಿಧಾನವಾಗಿ ಎರಡು ಮೂರು ಸಲ ಮಾಡಿ, ಪರದೆಯಲ್ಲಿ ಕಾಲು ಕಾಣುತ್ತಿರಲಿ.

ಆಮೇಲೆ ಕೆಳಗಿನ ಕ್ಯಾಮೆರಾವನ್ನು ಗಿಟಾರಿನ ಹೊಟ್ಟೆಯೊಳಗೆ ತಿರುಗಿಸಿ. ಅಲ್ಲಿ ಪೆಡಲಿನಿಂದ ಬಂದ ಸರಳು ಒಂದು ಅಡ್ಡದಂಡವನ್ನು ತಿರುಗಿಸುತ್ತದೆ, ಅದು ಉದ್ದದ ತೆಳು ಸರಳೊಂದನ್ನು ಕೆಲವೇ ಮಿಲಿಮೀಟರ್ ಎಳೆಯುತ್ತದೆ, ತಂತಿಯ ತುದಿ ಕೂತಿರುವ ಲೋಹದ ಬೆರಳು ಚೂರೇ ಚೂರು ವಾಲುತ್ತದೆ, ತಂತಿ ಬಿಗಿಯಾಗುತ್ತದೆ. ಅಷ್ಟು ಸಣ್ಣ ಅಲುಗಾಟಕ್ಕೆ ಹಾಲ್ ತುಂಬ ಸ್ವರ ಏರುತ್ತದೆ. ಇದನ್ನು ಕಣ್ಣಾರೆ ಕಂಡವರು ಮುಂದಿನ ಪ್ರತಿ ಹಾಡಿನಲ್ಲೂ ಕಾಲು ಹುಡುಕುತ್ತಾರೆ.

ಹೆಜ್ಜೆ 5: ಸೌಂಡ್

ಹೊಸ ಜಾಗದ ಸೌಂಡ್ ಎಂಜಿನಿಯರಿಗೆ ಈ ವಾದ್ಯದ ಪರಿಚಯ ಇರುವುದಿಲ್ಲ. ಒಂದೋ ಹೂತುಹಾಕುತ್ತಾರೆ, ಇಲ್ಲ ಕಿವಿ ಕೊರೆಯುವ ಹಾಗೆ ಏರಿಸುತ್ತಾರೆ. 800 ಹರ್ಟ್ಸ್ ಸುತ್ತ ಸ್ವಲ್ಪ ತಗ್ಗಿಸಿ ಅಂತ ಮೊದಲೇ ಹೇಳಿ, ಹೆಚ್ಚಿನ ವಾದಕರು ತಮ್ಮ ಆಂಪ್‌ನಲ್ಲಿ ಮಾಡಿಕೊಳ್ಳುವುದೂ ಇದನ್ನೇ. ಅಂದ ಹಾಗೆ, ಒಳಗೆ ಪಾಟ್ (ಸದ್ದನ್ನು ಏರಿಳಿಸುವ ಬಿಡಿಭಾಗ) ಇರುವ ಹಳೆಯ ವಾಲ್ಯೂಮ್ ಪೆಡಲ್ ಸವೆದರೆ ಕರಕರ ಅನ್ನುತ್ತದೆ. ನಿಧಾನದ ಸಂಗೀತದಲ್ಲಿ ಆ ಕರಕರ ಇಡೀ ಹಾಲಿಗೆ ಕೇಳುತ್ತದೆ. ಅಂಥದ್ದನ್ನು ವೇದಿಕೆಗೆ ತರಬೇಡಿ. ಪಾಟ್ ಬದಲಿಸಿ, ಇಲ್ಲವೇ ಬೆಳಕಿನ ಸೆನ್ಸರ್ ಇರುವ ಪೆಡಲ್ ತೆಗೆದುಕೊಳ್ಳಿ.

ಹೆಜ್ಜೆ 6: ಕೈ ಇಟ್ಟು ನೋಡಲು ಬಿಡಿ

ಹಾಲಿನ ಹೊರಗೆ ಎರಡು ಗಿಟಾರ್ ಇಡಿ, ಹೆಡ್‌ಫೋನ್ ಜೊತೆ. ಹೆಡ್‌ಫೋನ್ ಇದ್ದರೆ ತಪ್ಪು ನುಡಿಸಿದ್ದು ಬೇರೆಯವರಿಗೆ ಕೇಳುವುದಿಲ್ಲ, ನಾಚಿಕೆ ಇರುವವರೂ ಕೂರುತ್ತಾರೆ. ಪಿಕ್ ಕೊಡಬೇಡಿ, ಬರೀ ಹೆಬ್ಬೆರಳು ಸಾಕು. ಎರಡೇ ವಿಷಯ ಹೇಳಿ. ಬಾರ್ ಫ್ರೆಟ್ ಗೆರೆಯ ಸರಿ ಮೇಲೆ ಇರಬೇಕು, ಮಾಮೂಲಿ ಗಿಟಾರಿನ ಹಾಗೆ ಗೆರೆಯ ಹಿಂದೆ ಅಲ್ಲ. ಬಾರಿನ ಹಿಂದಿರುವ ಬೆರಳುಗಳು ತಂತಿಯ ಮೇಲೆ ಹಗುರಾಗಿ ಒರಗಿರಬೇಕು, ಇಲ್ಲವಾದರೆ ಗಲಗಲ ಸದ್ದು ಬರುತ್ತದೆ.

ಈಗ ಹಾಡು. ಬಾರ್ 3ನೇ ಫ್ರೆಟ್ಟಿನ ಮೇಲೆ ಇಟ್ಟರೆ ಜಿ. ಅಲ್ಲೇ ಎ, ಬಿ ಪೆಡಲ್ ಎರಡನ್ನೂ ಒಟ್ಟಿಗೆ ಒತ್ತಿದರೆ ಸಿ. ಪೆಡಲ್ ಒತ್ತಿಕೊಂಡೇ 5ನೇ ಫ್ರೆಟ್ಟಿಗೆ ಜಾರಿದರೆ ಡಿ. ಎರಡು ಜಾಗ, ಒಂದು ಕಾಲು, ಮೂರು ಕಾರ್ಡ್. ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಇಷ್ಟೇ ಬೇಕು. ಐದು ನಿಮಿಷದಲ್ಲಿ ಯಾರಿಗಾದರೂ ಬರುತ್ತದೆ, ಆ ಜಾರು ಸದ್ದು ತಮ್ಮ ಕಾಲಿನಿಂದಲೇ ಬಂತು ಅಂತ ಗೊತ್ತಾದಾಗ ಮುಖ ನೋಡಬೇಕು.

ಇಲ್ಲಿ ಆಗುವ ದೊಡ್ಡ ಅನಾಹುತ ಅಂದರೆ ಪಕ್ಕದಲ್ಲಿ ನಿಂತ ಅನುಭವಸ್ಥರು. ಕೂತ ಕೂಡಲೇ 'ಮಣಿಕಟ್ಟು ಹಾಗಲ್ಲ, ಬಾರ್ ಹೀಗೆ ಹಿಡಿ, ಈ ಪೆಡಲ್ ಸೆಟಪ್ ಎಮನ್ಸ್, ಅದು ಡೇ, ಎರಡೂ ಉಲ್ಟಾ' ಅಂತ ಶುರು ಮಾಡುತ್ತಾರೆ. ಕಾಳಜಿಯಿಂದಲೇ ಹೇಳುತ್ತಾರೆ, ಆದರೆ ಹುಡುಗರು ಎದ್ದು ಹೋಗುತ್ತಾರೆ. ಈ ಗಿಟಾರುಗಳ ಬಳಿ ಕಲಿಯಲು ಶುರು ಮಾಡಿ ಒಂದೆರಡು ವರ್ಷ ಆದವರನ್ನು ನಿಲ್ಲಿಸಿ. ಹಿರಿಯರ ಹತ್ತಿರ ಕಳಿಸುವುದು ಆಮೇಲೆ, ಅವರಾಗಿಯೇ ಪ್ರಶ್ನೆ ಕೇಳಿದ ಮೇಲೆ.

ಅವರು ಕೇಳುವ ಮೊದಲ ಪ್ರಶ್ನೆ, 'ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ?' ನಿಜ ಹೇಳಿ, ಇದು ಅಗ್ಗದ ವಾದ್ಯ ಅಲ್ಲ. ಬಾಡಿಗೆಗೆ ಕೊಡುವವರು ಗೊತ್ತಿದ್ದರೆ ಆ ವಿವರ ಬರೆದು ಪಕ್ಕದಲ್ಲಿ ಇಡಿ. ಕೊಳ್ಳುವುದಾದರೆ ಒಂದೇ ನೆಕ್ (ತಂತಿಗಳ ಸಾಲು), ಮೂರು ಪೆಡಲ್, ನಾಲ್ಕು ಮೊಣಕಾಲಿನ ಲಿವರ್ ಇರುವುದು ಸಾಕು, ಅದಕ್ಕಿಂತ ಕಡಿಮೆ ಬೇಡ. ಒಂದೇ ಲಿವರ್ ಇರುವ ಕಲಿಕೆಯ ಮಾದರಿಗಳು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತವೆ, ಆದರೆ ಪಾಠದಲ್ಲಿ ಬರುವ ಅರ್ಧ ವಿಷಯ ಅದರಲ್ಲಿ ನುಡಿಸಲು ಆಗುವುದಿಲ್ಲ. ಕೊಳ್ಳುವ ಮುಂಚೆ ಟ್ಯೂನರ್ ಇಟ್ಟು ಪೆಡಲ್ ಹತ್ತಾರು ಸಲ ಒತ್ತಿ ಬಿಡಿ. ಬಿಟ್ಟಾಗಲೆಲ್ಲ ಸ್ವರ ಮೊದಲಿದ್ದ ಜಾಗಕ್ಕೇ ವಾಪಸ್ ಬರಬೇಕು. ಬಾರದಿದ್ದರೆ ಎಷ್ಟೇ ಹೊಳೆಯುತ್ತಿದ್ದರೂ ಬೇಡ.

ಹೆಜ್ಜೆ 7: ಪ್ರಚಾರ

ಪೋಸ್ಟರಿಗಿಂತ ಕಾಲಿನ ವಿಡಿಯೋ ಹಾಕಿ. ಅರ್ಧ ನಿಮಿಷ, ಉದ್ದಕ್ಕೆ ಹಿಡಿದದ್ದು, ಮೇಲರ್ಧ ಕೈ, ಕೆಳಗರ್ಧ ಕಾಲು. 'ಅಳಿಯುತ್ತಿರುವ ಕಲೆಯನ್ನು ಉಳಿಸಿ' ಅಂತ ಮಾತ್ರ ಬರೆಯಬೇಡಿ, ದಯವಿಟ್ಟು. ಸಾವಿನ ಮನೆಗೆ ಕರೆದ ಹಾಗೆ ಕರೆದರೆ ಯಾರು ಬರುತ್ತಾರೆ?

ಹೆಜ್ಜೆ 8: ವೇದಿಕೆಯಲ್ಲೂ ಜಾಗ ಕೊಡಿ

ಕಲಿಯುತ್ತಿರುವ ಒಬ್ಬರಿಗೆ ಎರಡು ಹಾಡು ಕೊಡಿ, ಎರಡನೇ ಸೆಟ್ಟಿನ ನಡುವೆ, ಅದೇ ಪೂರ್ತಿ ಬ್ಯಾಂಡಿನ ಜೊತೆ. ಹಾಲ್ ಖಾಲಿ ಇರುವಾಗ ಮೊದಲಿಗೆ ಹತ್ತಿಸಿ ಮುಗಿಸಬೇಡಿ. ಇವರೇ ನಮ್ಮ ಭವಿಷ್ಯ ಅಂತ ಮೈಕಿನಲ್ಲಿ ಹೇಳುವುದೂ ಬೇಡ, ಹೆಸರು ಹೇಳಿ ಸಾಕು. ಕೈ ಇಟ್ಟು ನೋಡಿದವರಲ್ಲಿ ಒಪ್ಪಿದವರ ಹೆಸರು, ನಂಬರ್ ಬರೆದಿಟ್ಟುಕೊಂಡು, ಮುಂದಿನ ಶೋ ಗೊತ್ತಾದ ದಿನವೇ ಅವರಿಗೆ ಮೊದಲು ತಿಳಿಸಿ. ಅವರಲ್ಲಿ ಯಾರಾದರೂ ಅಷ್ಟರಲ್ಲಿ ಕಲಿಯಲು ಶುರು ಮಾಡಿದ್ದರೆ, ಹೊಸಬರಿಗೆ ಮೂರು ಕಾರ್ಡ್ ತೋರಿಸುವ ಕೆಲಸವನ್ನು ಈ ಸಲ ಅವರಿಗೇ ವಹಿಸಿ.