ಹೀಫಿ ಟ್ರ್ಯಾಕ್‌ಗೆ ಸೈಕಲ್ ಹಾಕಿಕೊಂಡು ಹೊರಟಿರಾ? ಕಾರು ಎಲ್ಲಿ ಬಿಡ್ತೀರಿ, ಮೊದಲು ಹೇಳಿ

ಹೋದ ತಿಂಗಳು ಒಬ್ಬ ಹುಡುಗ ಫೋನ್ ಮಾಡಿದ್ದ. ದಾವಣಗೆರೆ ಕಡೆಯವನು, ವೆಲಿಂಗ್ಟನ್‌ಗೆ ಬಂದು ಇನ್ನೂ ವರ್ಷ ಆಗಿಲ್ಲ. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿರುವ ಹೀಫಿ ಅನ್ನುವ ಕಾಡುದಾರಿಯಲ್ಲಿ ಸೈಕಲ್ ತುಳಿಯುವ ಆಸೆ ಅವನಿಗೆ. ಆ ದಾರಿಯ ತಂಗುಮನೆಗಳಿಗೆ ಹಟ್ ಅಂತಾರೆ.

"ಅಣ್ಣ, ಹೀಫಿಗೆ ಎರಡು ರಾತ್ರಿ ಹಟ್ ಬುಕ್ ಆಯ್ತು. ಸೈಕಲ್ ಸರ್ವಿಸೂ ಆಯ್ತು."

"ಕಾರು?"

"ಬ್ರೌನ್ ಹಟ್ ಹತ್ರ ಬಿಡ್ತೀವಿ."

"ಆಮೇಲೆ?"

ಆ ಕಡೆಯಿಂದ ಸದ್ದೇ ಇಲ್ಲ. ಕೆಲವು ವರ್ಷದ ಹಿಂದೆ ನನ್ನನ್ನು ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ಒಂಬೈನೂರು ಡಾಲರ್ ಉಳಿಯುತ್ತಿತ್ತು. ಮನೆಯಲ್ಲಿ ಶಾಂತಿಯೂ ಉಳಿಯುತ್ತಿತ್ತು.

ಹೆಲ್ಮೆಟ್ ಹಾಕಿ, ನೀರು ಕುಡಿಯಿರಿ, ಮಳೆಗೆ ಜಾಕೆಟ್ ಇಟ್ಟುಕೊಳ್ಳಿ ಅಂತೆಲ್ಲ ನಾನು ಹೇಳಲ್ಲ. ಅವೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ ನಾಲ್ಕು ವಿಷಯ ಹೇಳುತ್ತೇನೆ.

ನ್ಯೂಜಿಲೆಂಡ್‌ನಲ್ಲಿ ಕಾಡಿನ ಹಟ್‌ಗಳನ್ನು ನೋಡಿಕೊಳ್ಳುವುದು ಡಿಪಾರ್ಟ್‌ಮೆಂಟ್ ಆಫ್ ಕನ್ಸರ್ವೇಶನ್. ಎಲ್ಲರ ಬಾಯಲ್ಲೂ ಅದು ಡಾಕ್. ದೇಶದಲ್ಲಿ ಇವರ ಹಟ್ 950ಕ್ಕೂ ಜಾಸ್ತಿ ಇವೆ. ಹಟ್ ಅಂದರೆ ಹೋಮ್‌ಸ್ಟೇ ಅಲ್ಲ. ಸೂರು, ಮಂಚ, ಮ್ಯಾಟ್ರೆಸ್, ಮಳೆನೀರಿನ ಟ್ಯಾಂಕು, ಕಕ್ಕಸು, ಅಷ್ಟೇ. ಕುಮಾರಪರ್ವತ ಹತ್ತುವಾಗ ಭಟ್ಟರ ಮನೆಯಲ್ಲಿ ಬಿಸಿ ಅನ್ನ ಸಾರು ಸಿಕ್ಕಿತಲ್ಲ, ಆ ಆಸೆ ಬಿಟ್ಟುಬಿಡಿ. ಸ್ಲೀಪಿಂಗ್ ಬ್ಯಾಗ್, ಪಾತ್ರೆ, ತಟ್ಟೆ, ಟಾರ್ಚ್, ಊಟ ಎಲ್ಲ ನಿಮ್ಮ ಬೆನ್ನ ಮೇಲೆ. ಕಸವೂ ವಾಪಸ್ ನಿಮ್ಮ ಬೆನ್ನ ಮೇಲೆಯೇ. ಹೀಫಿಯ ಹಟ್‌ಗಳಲ್ಲಿ ಬ್ರೌನ್ ಮತ್ತು ಗೌಲ್ಯಾಂಡ್ ಡೌನ್ಸ್ ಬಿಟ್ಟು ಮಿಕ್ಕವುಗಳಲ್ಲಿ ಗ್ಯಾಸ್ ಒಲೆ ಇದೆ. ಹಾಗಾಗಿ ಪೆರ್ರಿ ಸ್ಯಾಡಲ್ ಹಟ್‌ನಲ್ಲಿ ಎಂಟಿಆರ್ ಬಿಸಿಬೇಳೆಬಾತ್ ಪೊಟ್ಟಣ ಬಿಸಿ ಮಾಡಬಹುದು. ಒಗ್ಗರಣೆ ಬೇಡ. ಅದೇ ಕೋಣೆಯಲ್ಲಿ ಇನ್ನೂ ಇಪ್ಪತ್ತು ಜನ ಇರುತ್ತಾರೆ.

ದುಡ್ಡಿನ ವಿಷಯದಲ್ಲಿ ಜನ ಮೊದಲು ಎಡವುವುದು ಬ್ಯಾಕ್‌ಕಂಟ್ರಿ ಹಟ್ ಪಾಸ್ ಹತ್ತಿರ. ಒಂದು ಸಲ ದುಡ್ಡು ಕೊಟ್ಟರೆ ತಿಂಗಳುಗಟ್ಟಲೆ ಊರೂರಿನ ಹಟ್‌ನಲ್ಲಿ ಮಲಗಬಹುದು. ಒಳ್ಳೆಯ ಪಾಸ್. ಆದರೆ ಗ್ರೇಟ್ ವಾಕ್ ಅನ್ನುವ, ಡಾಕ್‌ನ ಹೆಸರುವಾಸಿ ದಾರಿಗಳಲ್ಲಿ ಸೀಸನ್ ಹೊತ್ತು ಅದು ನಡೆಯಲ್ಲ. ಹೀಫಿ ಒಂದು ಗ್ರೇಟ್ ವಾಕ್, ಇಲ್ಲಂತೂ ಯಾವ ಕಾಲದಲ್ಲೂ ನಡೆಯಲ್ಲ. ವರ್ಷ ಪೂರ್ತಿ ಇಲ್ಲಿ ಮಂಚ ಮುಂಚೆಯೇ ಬುಕ್ ಮಾಡಬೇಕು. ಪಾಸ್ ತೋರಿಸಿ ವಾರ್ಡನ್ ಜೊತೆ ವಾದ ಮಾಡಿದ ನಮ್ಮವರನ್ನು ಕಣ್ಣಾರೆ ನೋಡಿದ್ದೇನೆ. ವಾರ್ಡನ್ ನಗುತ್ತಲೇ ಇದ್ದ. ದುಡ್ಡು ಮಾತ್ರ ತಗೊಂಡ.

ಎರಡನೇ ಸಲ ಎಡವುವುದು ತಿಂಗಳಿನ ವಿಷಯದಲ್ಲಿ. 1996ರಲ್ಲಿ ಕಹುರಂಗಿ ನ್ಯಾಷನಲ್ ಪಾರ್ಕ್ ಆದಾಗ ಇಲ್ಲಿ ಸೈಕಲ್ ನಿಂತುಹೋಗಿತ್ತು. 2011ರಲ್ಲಿ ಪ್ರಯೋಗಕ್ಕೆ ಅಂತ ಮತ್ತೆ ಬಿಟ್ಟರು. ಈಗ ಸೈಕಲ್‌ಗೆ ಮೇ 1ರಿಂದ ನವೆಂಬರ್ 30ರವರೆಗೆ ಮಾತ್ರ ಅವಕಾಶ. ಕ್ರಿಸ್‌ಮಸ್ ರಜೆ, ಒಳ್ಳೆ ಬಿಸಿಲು ಅಂತ ಜನವರಿಗೆ ಬುಕ್ ಮಾಡಿದರೆ ನಡೆದೇ ಹೋಗಬೇಕು. ಇಲ್ಲಿ ಸೈಕಲ್ ಕಾಲ ಅಂದರೆ ಈ ದೇಶದ ಚಳಿಗಾಲ ಮತ್ತು ಅದರ ಹಿಂದುಮುಂದಿನ ತಿಂಗಳುಗಳು. ಜೂನ್‌ನಲ್ಲಿ ಬೆಳಕು ಸುಮಾರು ಒಂಬತ್ತು ಗಂಟೆ. ಕತ್ತಲಾದ ಮೇಲೆ ಸೈಕಲ್ ಓಡಿಸುವಂತಿಲ್ಲ. ಕಾರಣ ನಿಮ್ಮ ಕೈಕಾಲು ಅಲ್ಲ, ರಾತ್ರಿ ದಾರಿಗೆ ಬರುವ ಕಿವಿ ಹಕ್ಕಿ ಮತ್ತು ಅಂಗೈಯಷ್ಟು ದೊಡ್ಡ, ಎರೆಹುಳ ತಿನ್ನುವ ಬಸವನಹುಳು. ಬಸವನಹುಳುವಿಗೆ ಇಷ್ಟು ಮರ್ಯಾದೆ ಕೊಡುವ ದೇಶದ ಮೇಲೆ ನನಗೆ ಗೌರವ ಇದೆ.

ಈಗ ಕಾರಿಗೆ ಬರೋಣ.

ಹೀಫಿ ಸುಮಾರು 78 ಕಿ.ಮೀ. ದಾರಿ. ಈ ತುದಿ ಗೋಲ್ಡನ್ ಬೇ ಒಳಗಿನ ಬ್ರೌನ್ ಹಟ್, ಆ ತುದಿ ಪಶ್ಚಿಮ ಕರಾವಳಿಯ ಕೊಹೈಹೈ. ನಕ್ಷೆಯಲ್ಲಿ ಎರಡೂ ಪಕ್ಕಪಕ್ಕ ಕಾಣುತ್ತವೆ. ನಾನು, ನನ್ನ ಹೆಂಡತಿ, ಇನ್ನೊಬ್ಬ ಗೆಳೆಯ ಜೂನ್ ಮೊದಲ ಸೋಮವಾರದ ಕಿಂಗ್ಸ್ ಬರ್ತ್‌ಡೇ ರಜೆಗೆ ಹೊರಟಿದ್ದೆವು. ಇದು ಸುತ್ತು ಹೊಡೆದು ಬಂದು ಸೇರುವ ಲೂಪ್ ಅಂತ ನಾನೇ ತೀರ್ಮಾನ ಮಾಡಿದ್ದೆ. "ಆ ಕಡೆ ಇಳಿದರೆ ಯಾವುದಾದರೂ ಬಸ್ಸು ಇದ್ದೇ ಇರುತ್ತೆ ಬಿಡೋ" ಅಂದೆ. ಹಳ್ಳಿಹಳ್ಳಿಗೂ ಕೆಂಪು ಬಸ್ಸು ನೋಡಿ ಬೆಳೆದವನ ಬುದ್ಧಿ.

ಮೊದಲ ದಿನ ಪೆರ್ರಿ ಸ್ಯಾಡಲ್‌ವರೆಗೆ ಹದಿನೇಳೂವರೆ ಕಿ.ಮೀ. ಏರು. ಎರಡನೇ ದಿನ ಗೌಲ್ಯಾಂಡ್ ಡೌನ್ಸ್‌ನ ಹುಲ್ಲುಗಾವಲು. ಅಲ್ಲೊಂದು ಕಂಬಕ್ಕೆ ಹಳೇ ಬೂಟುಗಳನ್ನು ನೇತು ಹಾಕಿದ್ದಾರೆ. ಆಮೇಲೆ ಮೆಕೇ ಹಟ್‌ನಿಂದ ಉದ್ದಕ್ಕೂ ಇಳಿಜಾರು. ಕೆಳಗೆ ಹೀಫಿ ನದಿ ಸಮುದ್ರ ಸೇರುವ ಕಡೆ ನಿಕಾವ್ ತಾಳೆಯ ಕಾಡು. ತೀರ್ಥಹಳ್ಳಿಯ ನನ್ನ ಹೆಂಡತಿ ಸೈಕಲ್ ನಿಲ್ಲಿಸಿ, "ಇದು ಅಡಿಕೆ ತೋಟ ಕಣ್ರೀ, ಬೇಸಾಯ ಮಾಡೋರು ಓಡಿ ಹೋಗಿದ್ದಾರೆ" ಅಂದಳು. ನಾನು ನ್ಯೂಜಿಲೆಂಡ್‌ನಲ್ಲಿ ಕಳೆದ ಅತ್ಯಂತ ಒಳ್ಳೆಯ ಮಧ್ಯಾಹ್ನ ಅದು.

ಮೂರನೇ ದಿನ ಕೊಹೈಹೈ ತಲುಪಿದೆವು. ಸಮುದ್ರ, ಮರಳುನೊಣ, ಕಾರ್ ಪಾರ್ಕು. ಬಸ್ಸಿಲ್ಲ, ಸಿಗ್ನಲ್ ಇಲ್ಲ. ಮಳೆಯಲ್ಲಿ ಹದಿನೈದು ಕಿ.ಮೀ. ತುಳಿದು ಕರಮಿಯ ಊರು ಸೇರಿದಾಗ ಅಂಗಡಿಯ ಹೆಂಗಸು ಕೇಳಿದ್ದು ಒಂದೇ ಮಾತು: ಕಾರು ಎಲ್ಲಿದೆ?

ಕಾರು ರಸ್ತೆ ದಾರಿಯಲ್ಲಿ 400 ಕಿ.ಮೀ.ಗಿಂತ ದೂರ ಇತ್ತು. ಕರಮಿಯಯಿಂದ ವೆಸ್ಟ್‌ಪೋರ್ಟ್, ಅಲ್ಲಿಂದ ಬುಲ್ಲರ್ ಕಣಿವೆ, ಮರ್ಚಿಸನ್, ಟಾಕಕ ಘಾಟಿ ಹತ್ತಿ ಇಳಿದು ಕಾಲಿಂಗ್‌ವುಡ್, ಆಮೇಲೆ ಜಲ್ಲಿ ರಸ್ತೆ. ಮಧ್ಯೆ ಬೆಟ್ಟ ಇದೆ, ಅದರೊಳಗೆ ಬೇರೆ ರಸ್ತೆಯೇ ಇಲ್ಲ. ಸೈಕಲ್ ಸಮೇತ ಹಾರಿಸುವ ಪುಟ್ಟ ವಿಮಾನ ಉಂಟು, ಆದರೆ ಆ ಮೋಡಕ್ಕೆ ಅದು ಏಳಲಿಲ್ಲ. ಒಂದು ರಾತ್ರಿ ಮೋಟೆಲ್. ಮಾರನೇ ದಿನ ಒಬ್ಬ ಡ್ರೈವರ್ ಒಪ್ಪಿದ. ಅಷ್ಟರಲ್ಲಿ ಪಿಕ್ಟನ್‌ನಿಂದ ವೆಲಿಂಗ್ಟನ್‌ಗೆ ವಾಪಸ್ ಬರುವ ನಮ್ಮ ಫೆರ್ರಿ ಹೊರಟುಹೋಗಿತ್ತು. ಮಂಗಳವಾರ ಆಫೀಸಿಗೆ ಹುಷಾರಿಲ್ಲ ಅಂತ ಮೆಸೇಜ್ ಹಾಕಿದ್ದೂ ಆಯ್ತು.

ಆದ್ದರಿಂದ ಹಟ್ ಬುಕ್ ಮಾಡುವ ಮುಂಚೆ ವಾಪಸ್ ಬರುವುದು ಹೇಗೆ ಅಂತ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಕಾರನ್ನು ಆ ತುದಿಗೆ ಓಡಿಸಿಕೊಂಡು ಬಂದು ಬಿಡುವವರು ಇದ್ದಾರೆ. ಮೊದಲೇ ಹೇಳಬೇಕು, ದುಡ್ಡು ಸ್ವಲ್ಪ ಜಾಸ್ತಿಯೇ. ವಿಮಾನ ಹಿಡಿದರೆ ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಅದೇ ಪಶ್ಚಿಮ ಕರಾವಳಿ ಕಡೆಯ ಬೇರೆ ಸೈಕಲ್ ದಾರಿಗಳಾದ ಓಲ್ಡ್ ಘೋಸ್ಟ್ ರೋಡ್, ಪಾಪರೋವಾಕ್ಕೆ ಹೋದರೂ ಇದೇ ಪಾಡು. ಅವೂ ಒಂದು ತುದಿಯಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವ ದಾರಿಗಳು. ಮೊದಲ ಸಲವಾದರೆ ಬ್ರೌನ್ ಹಟ್‌ನಿಂದ ಹೊರಟು, ಪೆರ್ರಿ ಸ್ಯಾಡಲ್‌ನಲ್ಲೇ ಎರಡು ರಾತ್ರಿ ಇದ್ದು, ಮಧ್ಯದ ದಿನ ಗೌಲ್ಯಾಂಡ್ ಡೌನ್ಸ್ ನೋಡಿ, ಬಂದ ದಾರಿಯಲ್ಲೇ ಇಳಿಯಿರಿ. ಕಾರು ಅಲ್ಲೇ ಇರುತ್ತೆ.

ವ್ಯವಸ್ಥೆ ಯಾರದ್ದು ಚೆನ್ನ ಅಂತ ಕೇಳಿದರೆ, ಮಲಗುವುದಕ್ಕೆ ಇವರದ್ದು. ನಮ್ಮಲ್ಲಿ ಚಾರಣಕ್ಕೆ ಆನ್‌ಲೈನ್ ಟಿಕೆಟ್ ಬಂದಿದೆ, ಕಾಡಿನಲ್ಲಿ ರಾತ್ರಿ ಉಳಿಯಲು ಮಾತ್ರ ಬಿಡಲ್ಲ. ವಾಪಸ್ ಬರುವುದಕ್ಕೆ ಮಾತ್ರ ನಮ್ಮದೇ ಮೇಲು. ಸುಬ್ರಹ್ಮಣ್ಯದಲ್ಲಿ ಇಳಿದರೆ ಬಸ್ಸು ಕಾದಿರುತ್ತೆ, ಅಲ್ವಾ?

ಆ ದಾವಣಗೆರೆ ಹುಡುಗನಿಗೆ ಬೇರೆ ಉಪಾಯ ಹೇಳಿದೆ. ಎರಡು ಗುಂಪು ಮಾಡಿ, ಒಂದು ಈ ತುದಿಯಿಂದ, ಇನ್ನೊಂದು ಆ ತುದಿಯಿಂದ ಹೊರಡಿ. ನಡುವಿನ ಹಟ್‌ನಲ್ಲಿ ಸಿಕ್ಕಾಗ ಕೀ ಬದಲಾಯಿಸಿಕೊಳ್ಳಿ. ಎರಡೂ ಗುಂಪಿಗೆ ಆ ರಾತ್ರಿ ಒಂದೇ ಹಟ್‌ನಲ್ಲಿ ಮಂಚ ಇರಬೇಕು, ನೋಡಿಕೊಳ್ಳಿ. ಹುಡುಗರು ಸ್ಯಾಕ್ಸನ್ ಹಟ್‌ನಲ್ಲಿ ಸೇರಿದರಂತೆ. ಇಸ್ಪೀಟು, ಚಕ್ಕುಲಿ, ಹಾಡು, ಎಲ್ಲ ಭರ್ಜರಿ. ಬೆಳಿಗ್ಗೆ ಟಾಟಾ ಮಾಡಿ ಆರು ಕಿ.ಮೀ. ಹೋದ ಮೇಲೆ ಒಬ್ಬ ಜೇಬು ಮುಟ್ಟಿ ನೋಡಿಕೊಂಡನಂತೆ. ಅವನದೇ ಕಾರಿನ ಕೀ ಅವನ ಹತ್ತಿರವೇ ಇತ್ತು.