ಎಲೆ ನೋಡಿ ಮರ ಗುರುತಿಸುವ ಕೀಲಿ: ನೀವೇ ಬರೆಯುವುದು ಹೇಗೆ?

ಶಾಲಾ ಪ್ರಾಜೆಕ್ಟ್‌ಗಳಲ್ಲಿ ಪ್ರತಿ ವರ್ಷ ಅದೇ ಎಡವಟ್ಟು. ಬೇವಿನ ಗರಿಯಿಂದ ಒಂದು ಚೂರು ಕಿತ್ತು ಅಂಟಿಸಿ, ಕೆಳಗೆ ‘ಬೇವಿನ ಎಲೆ’ ಎಂದು ಬರೆದಿರುತ್ತಾರೆ. ಅದು ಪೂರ್ತಿ ಎಲೆಯಲ್ಲ, ಎಲೆಯ ತುಂಡು. ಇದೇ ತಪ್ಪಿರುವ ಬಣ್ಣದ ಚಾರ್ಟ್‌ಗಳೂ ಅಂಗಡಿಯಲ್ಲಿ ಸಿಗುತ್ತವೆ, ಕೊಳ್ಳಬೇಡಿ.

ಸಸ್ಯವಿಜ್ಞಾನಿಗಳು ಬಳಸುವ ಗುರುತಿನ ಕೀಲಿ ಪ್ರಶ್ನೆಗಳ ಒಂದು ಸರಪಳಿ. ಪ್ರತಿ ಪ್ರಶ್ನೆಗೂ ಎರಡೇ ಉತ್ತರ, ಕೊನೆಗೆ ಹೆಸರು. ಫ್ರಾನ್ಸಿನ ಗಿಡಗಳಿಗೆ ಅಲ್ಲಿನ ಜೀವವಿಜ್ಞಾನಿ ಲಮಾರ್ಕ್ 1770ರ ದಶಕದಲ್ಲೇ ಇಂಥ ಕೀಲಿ ಬರೆದಿದ್ದರು.

ಹಂತ 1: ಮಾವು, ಹಲಸು, ಸೀಬೆ, ಬೇವು, ಹೊಂಗೆ, ನುಗ್ಗೆ. ಒಂದೊಂದರಿಂದ ಪುಟ್ಟ ರೆಂಬೆ ತನ್ನಿ. ಬಿಡಿ ಎಲೆ ಬೇಡ.

ಹಂತ 2: ಎಲೆ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿ. ಎಲ್ಲರೂ ಎಡವುವುದು ಇಲ್ಲೇ, ಆತುರ ಬೇಡ. ತೊಟ್ಟು ರೆಂಬೆಗೆ ಸೇರುವ ಮೂಲೆಯಲ್ಲಿ ಪುಟ್ಟ ಮೊಗ್ಗು ಇರುತ್ತದೆ. ಆ ಮೊಗ್ಗಿನ ಪಕ್ಕದಿಂದ ಹೊರಟ ತೊಟ್ಟು, ಅದರ ಮೇಲಿರುವುದೆಲ್ಲ ಸೇರಿ ಒಂದು ಎಲೆ. ಬೇವಿನಲ್ಲಿ ಚೂಪು ಚೂಪಾಗಿ ಕಾಣುವ ಪ್ರತಿಯೊಂದರ ಬುಡವನ್ನೂ ನೋಡಿ. ಮೊಗ್ಗು ಸಿಗುವುದಿಲ್ಲ. ಅಂದರೆ ಅವು ಕಿರುಎಲೆಗಳು, ಇಡೀ ಗರಿಯೇ ಎಲೆ. ಇಂಥದ್ದು ಸಂಯುಕ್ತ ಎಲೆ. ನುಗ್ಗೆಯಲ್ಲಂತೂ ಗರಿ ಮತ್ತೆ ಮತ್ತೆ ಕವಲೊಡೆಯುತ್ತದೆ, ಒಂದೇ ಎಲೆ ಮೊಳದುದ್ದ ಬರಬಹುದು! ಮಾವಿನಲ್ಲಿ ಪ್ರತಿ ಎಲೆಯ ಬುಡದಲ್ಲೂ ಮೊಗ್ಗು ಇದೆ, ಹಾಗಾಗಿ ಅದು ಸರಳ ಎಲೆ. ಮೊಗ್ಗು ಕಾಣದಿದ್ದರೆ ರೆಂಬೆಯ ತುದಿ ಬಿಟ್ಟು ಕೆಳಗಿನ ಬಲಿತ ಎಲೆಯಲ್ಲಿ ಹುಡುಕಿ. ಒಂದು ಭೂತಗನ್ನಡಿ ಇದ್ದರೆ ಸಾಕು. ಫೋನ್ ಆ್ಯಪ್ ಹೆಸರು ಹೇಳೀತು, ಆದರೆ ಈ ಮೊಗ್ಗು ನೋಡುವ ಅಭ್ಯಾಸ ಅದರಿಂದ ಬರಲ್ಲ.

ಹಂತ 3: ಪ್ರಶ್ನೆ ಬರೆಯಿರಿ. ‘ಎಲೆ ದೊಡ್ಡದೇ?’ ಅಂತ ಕೇಳಲೇಬೇಡಿ, ಯಾವುದಕ್ಕಿಂತ ದೊಡ್ಡದು? ಬಣ್ಣವೂ ಬೇಡ. ಮಾವಿನ ಚಿಗುರು ಕೆಂಪಾಗಿರುತ್ತದೆ ಅಲ್ವಾ? ಹಲಸಿನ ಎಳೆ ಸಸಿಯ ಎಲೆಗೆ ಸೀಳು ಇರುವುದುಂಟು, ಅದಕ್ಕೇ ದೊಡ್ಡ ಮರದ ಎಲೆಯನ್ನೇ ಆರಿಸಿ. ನನ್ನ ಕೀಲಿ ಹೀಗಿದೆ:

1. ಎಲೆ ಸರಳವೇ? 2ಕ್ಕೆ ಹೋಗಿ. ಸಂಯುಕ್ತವೇ? 4ಕ್ಕೆ.
2. ಎಲೆಗಳು ಎದುರುಬದುರು ಇದ್ದರೆ ಸೀಬೆ. ಒಂದಾದ ಮೇಲೊಂದು ಇದ್ದರೆ 3.
3. ತೊಟ್ಟು ಮುರಿದಾಗ ಬಿಳಿ ಹಾಲು ಒಸರಿದರೆ ಹಲಸು. ಇಲ್ಲದಿದ್ದರೆ ಮಾವು.
4. ಗರಿ ಮತ್ತೆ ಕವಲೊಡೆದಿದ್ದರೆ ನುಗ್ಗೆ. ಇಲ್ಲದಿದ್ದರೆ 5.
5. ಕಿರುಎಲೆಯ ಅಂಚು ಗರಗಸದಂತಿದ್ದರೆ ಬೇವು. ನುಣುಪಾಗಿದ್ದರೆ ಹೊಂಗೆ.

ಆರು ಮರಕ್ಕೆ ಐದು ಪ್ರಶ್ನೆ. ಲೆಕ್ಕ ಯಾವಾಗಲೂ ಒಂದು ಕಮ್ಮಿ. ಜಾಸ್ತಿ ಬಂದರೆ ಎಲ್ಲೋ ಒಂದು ಪ್ರಶ್ನೆ ಸುಮ್ನೆ ಕೂತಿದೆ.

ಹಂತ 4: ಪರೀಕ್ಷೆ. ಗಿಡಗಳ ಪರಿಚಯ ಇಲ್ಲದವರ ಕೈಗೆ ಕೀಲಿ ಕೊಡಿ. ಪಕ್ಕದಲ್ಲಿ ನಿಂತು ಸುಳಿವು ಕೊಡಬೇಡಿ. ಅವರು ದಾರಿ ತಪ್ಪಿದರೆ ಯಾವ ಪ್ರಶ್ನೆಯಲ್ಲಿ ತಪ್ಪಿದರು ಎಂದು ಗುರುತು ಹಾಕಿ, ಆ ಪ್ರಶ್ನೆಯನ್ನು ತಿದ್ದಿ. ಆಮೇಲೆ ಬೇಕೆಂತಲೇ ಕೀಲಿ ಕೆಡಿಸಲು ನೋಡಿ. ಹೆಬ್ಬೇವಿನ ಒಂದು ರೆಂಬೆ ತನ್ನಿ. ಅದರ ಗರಿಯೂ ಕವಲೊಡೆಯುವುದರಿಂದ 4ನೇ ಪ್ರಶ್ನೆಯಲ್ಲಿ ‘ನುಗ್ಗೆ’ ಅಂತ ಉತ್ತರ ಬರುತ್ತದೆ. ಅಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ಕಿರುಎಲೆಯ ತುದಿ ದುಂಡಗಿದ್ದರೆ ನುಗ್ಗೆ, ಚೂಪಾಗಿದ್ದರೆ ಹೆಬ್ಬೇವು.