ಮನೆ ಆರೈಕೆಯ ಅಧ್ಯಯನ: ಏನನ್ನು, ಹೇಗೆ ಕೇಳಬೇಕು?

ಹಿರಿಯರಿಗೂ ಅಂಗವಿಕಲರಿಗೂ ಮನೆಯಲ್ಲಿ ದೊರೆಯುವ ಆರೈಕೆಯನ್ನು ಅಧ್ಯಯನ ಮಾಡಲು ಹೊರಟವರು ಮೊದಲು ಯಾವ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನು ಗುರುತಿಸಬೇಕು. ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ ಎಂಬ 6 ಅಂಶಗಳಲ್ಲಿ ಒಬ್ಬರು ಎಷ್ಟು ಸ್ವಾವಲಂಬಿ ಎಂದು ಅಳೆಯುವ ಕಾಟ್ಜ್ ಸೂಚಿ ಇದಕ್ಕೆ ಒಳ್ಳೆಯ ಆರಂಭ. ಆದರೆ "ಸ್ನಾನಕ್ಕೆ ಸಹಾಯ ಬೇಕೇ?" ಎಂದು ನೇರವಾಗಿ ಕೇಳಿದರೆ ಅಜ್ಜ ಸಂಕೋಚದಿಂದ "ಬೇಡಪ್ಪ, ನಾನೇ ಮಾಡ್ಕೋತೀನಿ" ಎಂದುಬಿಡಬಹುದು, ನೀರು ಕಾಯಿಸಿ ಬಚ್ಚಲಿಗೆ ಬಕೆಟ್ ತಂದಿಟ್ಟವರು ಯಾರು, ಬೆನ್ನು ಉಜ್ಜಿದವರು ಯಾರು ಎಂದು ವಿಚಾರಿಸಿದಾಗಲೇ ಸೊಸೆಯ ಶ್ರಮ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ನಿನ್ನೆಯ ದಿನವನ್ನು ಗಂಟೆಗಂಟೆಯಾಗಿ ಹೇಳಿಸಿ ಬರೆದುಕೊಳ್ಳಿ.

ಆರೈಕೆ ಪಡೆಯುವವರನ್ನೂ ಮಾಡುವವರನ್ನೂ ಬೇರೆಬೇರೆಯಾಗಿ ಮಾತನಾಡಿಸಿ. ಸಂಬಳಕ್ಕೆ ಬರುವವರಿದ್ದರೆ ಕೆಲಸದ ಅವಧಿ, ವಾರದ ರಜೆ, ಏಜೆನ್ಸಿ ಹಿಡಿದುಕೊಳ್ಳುವ ಮೊತ್ತ ಇವನ್ನೂ ಕೇಳಿ. ಮರೆವಿನ ಕಾಯಿಲೆಯಿಂದಾಗಿ ಒಪ್ಪಿಗೆ ನೀಡಲಾಗದವರ ವಿಷಯದಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಸಂಶೋಧನಾ ನೈತಿಕತೆಯ ಮಾರ್ಗಸೂಚಿಗೆ ಅನುಗುಣವಾಗಿ ಕಾನೂನುಬದ್ಧ ಪ್ರತಿನಿಧಿಯ ಲಿಖಿತ ಒಪ್ಪಿಗೆ ಪಡೆಯಿರಿ. ಆಗಲೂ ಆರೈಕೆ ಪಡೆಯುವ ವ್ಯಕ್ತಿ ಮುಖ ತಿರುಗಿಸಿದರೆ ಸಂದರ್ಶನವನ್ನು ಅಲ್ಲಿಗೇ ನಿಲ್ಲಿಸುವುದು ಸರಿ.

ಹೋಲಿಕೆಗೆ 45 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರನ್ನು ಕುರಿತ 2017–18ರ ಲಾಸಿ (ವೃದ್ಧಾಪ್ಯವನ್ನು ಕುರಿತ ಭಾರತದ ರಾಷ್ಟ್ರೀಯ ಅಧ್ಯಯನ) ಸಮೀಕ್ಷೆಯನ್ನು ಬಳಸಬಹುದು. ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರವಿದೆ ಎಂಬುದನ್ನು ಮಾತ್ರ ನೀವೇ ಅಳೆಯಬೇಕು.